ನಿನ್ನೆ ನಾನು ಕೆಂಗೇರಿಗೆ ಹೋದೆ

ಬಾಪೂಜಿ ನಗರ
೧೦ ಜನವರಿ ೨೦೦೬, ಮಂಗಳವಾರ

ತನ್ಮಯಿಯ ಅಪ್ಪಾ ಅವರಿಗೆ, ತನ್ಮಯಿಯ ಅವ್ವ ಶೈಲಾ ಮಾಡುವ ನಮಸ್ಕಾರ.

ಮದುವೆಯಾದ ಹೊಸದರಲ್ಲಿ ಲಕ್ಷ್ಮೇಶ್ವರದಿಂದ ನಿಮಗೆ ಬರೆಯುತ್ತಿದ್ದ ಕಾಗದಗಳಲ್ಲಿ ಅರ್ಧ ಪುಟ ಬರೀ ಒಕ್ಕಣೆಯೇ ಇರುತ್ತಿತ್ತು. ಪೂಜ್ಯರು, ಪ್ರೀತಿಪಾತ್ರರು, ಪಾದಗಳಿಗೆ ಅನಂತ ಅನಂತ ಏನೇನೋ. ಈ ಸಲ ಒಂದೇ ಸಾಲು ಸಾಕು ಅನ್ನಿಸಿತು. ಅದರಲ್ಲೂ ನಾನು ಯಾರು ಎನ್ನುವುದನ್ನು ಬೇಕಂತಲೇ ಬರೆದಿದ್ದೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಈಚೆಗೆ ಆ ಬಗ್ಗೆ ಸ್ವಲ್ಪ ಗೊಂದಲ ಎದ್ದಿದೆ.

ಫೋನ್ ಮಾಡಬಾರದಾಗಿತ್ತೇ ಎಂದು ಕೇಳಬೇಡಿ, ಮಾಡಿದೆ. "ಫ್ಯಾಕ್ಟರ್‍ಯಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ" ಎಂದು ಕಟ್ ಮಾಡಿದಿರಿ. ಭಾನುವಾರ ಮಾಡಿದೆ, ಭಾನುವಾರವೂ ಫ್ಯಾಕ್ಟರಿಯಲ್ಲೇ ಇದ್ದಿರಿ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವವರೂ ಮೊದಲು ಒಂದು ಸಲ ಓದಿಯೇ ಓದುತ್ತಾರೆ.

ವಿಷಯ ಇಷ್ಟೇ. ಇದೇ ಇಪ್ಪತ್ತೊಂದನೇ ತಾರೀಕು ಶನಿವಾರ ಬಸವೇಶ್ವರನಗರದ ಆ ದೊಡ್ಡ ಶಾಲೆಯಲ್ಲಿ ತನ್ಮಯಿಯ ಎಲ್‌ಕೆಜಿ ಸೀಟಿಗೆ ತಂದೆತಾಯಿಯ ಇಂಟರ್‌ವ್ಯೂ ಇದೆಯಲ್ಲ, ಅಲ್ಲಿ ತಾಯಿಯ ಕುರ್ಚಿಯಲ್ಲಿ ಕೂರುವವಳು ನಾನು. ಚೇತನಾ ಅಲ್ಲ. ಚೇತನಾ ನಿಮ್ಮ ತಮ್ಮನ ಹೆಂಡತಿ, ನನಗೆ ನೆಗೆಣ್ಣಿ, ತನ್ಮಯಿಗೆ ಕಾಕು. ರಾಜಾಜಿನಗರದಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಟಸ್ ಪುಸ್ ಅಂತ ಇಂಗ್ಲಿಷ್ ಮಾತಾಡುತ್ತಾಳೆ. ಒಳ್ಳೆಯ ಹುಡುಗಿ, ನನಗೆ ಅವಳ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಆದರೆ ತನ್ಮಯಿಯನ್ನು ಹೆತ್ತವಳು ಅವಳಲ್ಲ.

"ಇಕಿಗೆ ಇಂಗ್ಲಿಷ್ ಎಲ್ಲಿ ಬರತೈತಿ" ಎಂದು ನೀವೀಗ ಕಾಗದದ ಮುಂದೆ ಮೂಗು ಮುರಿಯುತ್ತಿದ್ದೀರಿ, ನನಗೆ ಗೊತ್ತು. ಬರುತ್ತದೆ ರೀ. ಹೆಚ್ಚಲ್ಲ, ಸ್ವಲ್ಪ ಬರುತ್ತದೆ. ನಿಮಗೆ ಹೇಳದೇ ಕಲಿತೆ.

ಗಣೇಶನ ಹಬ್ಬ ಕಳೆದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ ತನ್ಮಯಿಯನ್ನು ಅತ್ತೆಯವರ ಪಕ್ಕ ಮಲಗಿಸಿ, ಕಾಯಿಪಲ್ಲೆ ತರುತ್ತೇನೆಂದು ಚೀಲ ಹಿಡಿದು ಹೊರಡುತ್ತಿದ್ದೆನಲ್ಲ. ಕಾಯಿಪಲ್ಲೆ ತಂದದ್ದೂ ನಿಜ. ಅದಕ್ಕೆ ಮೊದಲು ಒಂದು ತಾಸು ಅಲಮೇಲು ಮಿಸ್ ಮನೆಯಲ್ಲಿ ಕೂತಿರುತ್ತಿದ್ದೆ. ನಮ್ಮ ಚಂದ್ರಾ ಲೇಔಟಿನಲ್ಲೇ ಅವರ ಮನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು, ಈಗ ನಮ್ಮಂಥ ಹೆಂಗಸರಿಗೆ ಹಾಲ್‌ನಲ್ಲಿ ಚಾಪೆ ಹಾಸಿ ಪಾಠ ಹೇಳುತ್ತಾರೆ. ಬೇರೆ ಕಡೆ ಸ್ಪೋಕನ್ ಇಂಗ್ಲಿಷ್ ಎಂದರೆ ಗುಡ್ ಮಾರ್ನಿಂಗ್, ಹೌ ಆರ್ ಯೂ ಇಂದ ಶುರು. ಇವರದು ಹಾಗಲ್ಲ, ನೇರ ಭೂತಕಾಲಕ್ಕೇ ಕೈ ಹಾಕುತ್ತಾರೆ. "ನಾಳೆ ಏನ್ ಮಾಡ್ತೀರಾ ಅನ್ನೋದು ನಂಗೆ ಬೇಡಮ್ಮ, ನಾಳೆ ಬಗ್ಗೆ ಎಲ್ರೂ ಸುಳ್ಳು ಹೇಳ್ತಾರೆ. ನಿನ್ನೆ ಏನ್ ಮಾಡಿದ್ರಿ ಅದನ್ನ ಹೇಳಿ" ಎನ್ನುತ್ತಾರೆ. ಒಬ್ಬೊಬ್ಬರೂ ಎದ್ದು ನಿಂತು ನಿನ್ನೆ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕಕ್ಕಾಬಿಕ್ಕಿಯಾದರೂ ಸರಿ, ಕನ್ನಡ ಆಡುವಂತಿಲ್ಲ.

ಮೊದಲ ದಿನ ನಾನು ಹೇಳಿದ್ದು ಇದು: "ಯೆಸ್ಟರ್‌ಡೇ ಐ ಕುಕ್ಡ್. ಐ ವಾಶ್ಡ್. ಐ ಕುಕ್ಡ್. ಐ ಸ್ಲೀಪ್ಡ್." ಮಿಸ್ ಕೊನೆಯದನ್ನು ಸ್ಲೆಪ್ಟ್ ಎಂದು ತಿದ್ದಿ, ಉಳಿದದ್ದೆಲ್ಲ ಸರಿ ಎಂದರು. ಮರುದಿನವೂ ಅದನ್ನೇ ಒಪ್ಪಿಸಿದೆ. "ಮೊನ್ನೇದನ್ನೇ ಹೇಳ್ತಿದೀಯಲ್ಲಮ್ಮ ಶೈಲಾ" ಎಂದರು. ನಿನ್ನೆಯೂ ಅದನ್ನೇ ಮಾಡಿದೆ ಮಿಸ್ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಬದನೆಕಾಯಿ ಹೆಚ್ಚುವಾಗ ಸುಮ್ಮಸುಮ್ಮನೆ ಅಳು ಬಂತು. ಈರುಳ್ಳಿ ಇರಲಿಲ್ಲ, ಹಾಗಾಗಿ ಯಾರಿಗೂ ನೆಪ ಹೇಳಲೂ ಆಗಲಿಲ್ಲ. ಯಾರೂ ಕೇಳಲೂ ಇಲ್ಲ ಬಿಡಿ.

ಹೊಸ ಕ್ರಿಯಾಪದ ಬೇಕೆಂದರೆ ಹೊಸದೇನಾದರೂ ಮಾಡಬೇಕಿತ್ತು. ಹಾಗಾಗಿ ಮಾಡತೊಡಗಿದೆ. ಒಂದು ದಿನ ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಬಂದೆ. ಸ್ಯಾಟ್. ಇನ್ನೊಂದು ದಿನ ಎದುರು ಮನೆಯ ಮುದುಕಿಯ ಸೂಜಿಗೆ ದಾರ ಪೋಣಿಸಿಕೊಟ್ಟೆ, ಅದಕ್ಕೆ ಇಂಗ್ಲಿಷ್ ತಿಳಿಯದೆ ಹೆಲ್ಪ್ಡ್ ಎಂದೆ. ಆಮೇಲೊಂದು ಮಧ್ಯಾಹ್ನ ಕೆಂಗೇರಿಯ ಬಸ್ ಹತ್ತಿಬಿಟ್ಟೆ. ಅಲ್ಲಿ ನನಗೆ ಯಾರೂ ಇಲ್ಲ, ಏನೂ ಕೆಲಸವಿಲ್ಲ. ಇಳಿದೆ, ಗಾಡಿಯಲ್ಲಿ ಪೇರಲಹಣ್ಣು ಕೊಂಡೆ, ಉಪ್ಪುಖಾರ ಹಚ್ಚಿಸಿಕೊಂಡು ನಿಂತಲ್ಲೇ ತಿಂದೆ, ಅದೇ ಬಸ್ ತಿರುಗಿ ಹೊರಟಾಗ ಹತ್ತಿ ವಾಪಸ್ ಬಂದೆ. ಮರುದಿನ ಎದ್ದು ನಿಂತು, "ಯೆಸ್ಟರ್‌ಡೇ ಐ ವೆಂಟ್ ಟು ಕೆಂಗೇರಿ. ಐ ಸಾ ಕೆಂಗೇರಿ. ಐ ಏಟ್. ಐ ಕೇಮ್ ಬ್ಯಾಕ್" ಎಂದೆ. ಚಾಪೆಯ ಮೇಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. "ವೈ ಡಿಡ್ ಯೂ ಗೋ?" ಎಂದು ಮಿಸ್ ಕೇಳಿದರು. "ಟು ಸೇ ವೆಂಟ್, ಮಿಸ್" ಎಂದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ, ಈ ಭೂತಕಾಲ ಎನ್ನುವುದು ಹೊರಗಿನಿಂದ ಕಂಡಷ್ಟು ಗುಮ್ಮ ಅಲ್ಲ. ಬಹಳಷ್ಟು ಕ್ರಿಯಾಪದಗಳು ಪಾಪದವು, ಬಾಲಕ್ಕೆ ಒಂದು 'ಇಡಿ' ಅಂಟಿಸಿದರೆ ತೆಪ್ಪಗೆ ನಿನ್ನೆಗೆ ಹೋಗುತ್ತವೆ. ಕಟ್, ಪುಟ್, ಶಟ್ ಇಂಥವು ನಿನ್ನೆಯಾಗಲಿ ಇವತ್ತಾಗಲಿ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ, ಅವನ್ನು ಉರು ಹೊಡೆಯುವಾಗ ನಿಮ್ಮ ನೆನಪಾಗುತ್ತಿತ್ತು. ಗೋ ಹೋಗಿ ವೆಂಟ್ ಆಗುತ್ತದೆ, ಗುರುತೇ ಸಿಗುವುದಿಲ್ಲ. ಆದರೆ ಎದುರಿಗೆ ಡಿಡ್ ಬಂತೋ, ಅತ್ತೆ ಪಡಸಾಲೆಗೆ ಬಂದಕೂಡಲೇ ಸೆರಗು ಹೊದೆಯುವ ಸೊಸೆಯ ಹಾಗೆ ವೆಂಟ್ ಮತ್ತೆ ಗೋ ಆಗಿ ಮುದುಡಿಕೊಳ್ಳಬೇಕು. ಐ ಡಿಡ್ ನಾಟ್ ಗೋ. ಇದೊಂದನ್ನು ಕಲಿಯಲು ನನಗೆ ದೀಪಾವಳಿಯವರೆಗೂ ಹಿಡಿಯಿತು, ಈಗಲೂ ಒಮ್ಮೊಮ್ಮೆ ಡಿಡ್ ನಾಟ್ ವೆಂಟ್ ಅಂದುಬಿಡುತ್ತೇನೆ. ಅದರಿಂದ ಯಾರ ಮನೆ ಸೂರೂ ಬಿದ್ದಿಲ್ಲ.

ನೆನಪಿದೆಯಾ, ಡಿಸೆಂಬರಿನಲ್ಲಿ ಒಂದು ಸಂಜೆ ನೀವು, ನಿಮ್ಮ ತಮ್ಮ ಮುತ್ತುರಾಜ ಊಟಕ್ಕೆ ಕೂತಾಗ ನಾನು ರೊಟ್ಟಿ ಬಡಿಸುತ್ತಾ ಆ ಕೆಂಗೇರಿಯ ಮಾತನ್ನು ಇಂಗ್ಲಿಷಿನಲ್ಲಿ ಅಂದೆ. ಮನಸ್ಸಿನಲ್ಲಿ ಏನೇನೋ ಆಸೆ ಇಟ್ಟುಕೊಂಡೇ ಅಂದೆ. ಅಣ್ಣತಮ್ಮ ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿರಿ. ಮುತ್ತುರಾಜನಿಗೆ ನೆತ್ತಿಗೇರಿ ಕೆಮ್ಮು ಬಂತು. "ಟಿವಿ ನೋಡಿ ಕಲ್ತೀಯೇನ?" ಎಂದು ನೀವು ಕೇಳಿದಿರಿ. ಚೇತನಾ ಮಾತ್ರ ನಗಲಿಲ್ಲ. "ಸರಿಯಾಗೇ ಹೇಳಿದ್ರಲ್ಲ ಭಾವ" ಎಂದಳು. ನಾನು ಕೆಂಗೇರಿಗೆ ನಿಜವಾಗಿಯೂ ಹೋಗಿದ್ದೆನೋ ಇಲ್ಲವೋ ಎಂದು ನೀವು ಇವತ್ತಿನವರೆಗೂ ಕೇಳಿಲ್ಲ.

ಅದರ ಮರುದಿನವೇ ನೀವು ಹಾಲ್‌ನಲ್ಲಿ ತನ್ಮಯಿಯ ಪಾಠ ಶುರು ಮಾಡಿದಿರಿ. ನಾನು ಒಲೆಯ ಮುಂದಿದ್ದೆ. "ಅವ್ವ ಅಲ್ಲ ಪುಟ್ಟಿ, ಮಮ್ಮಿ ಅನ್ನು. ಕಾಕುಗ ಮಮ್ಮಿ ಅನ್ನು" ಎಂದು ನೀವು ಹೇಳಿಕೊಡುವುದು ಕೇಳಿಸಿತು. ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದೆ. ಆಗ ನೀವು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: "ಅರ್ಧಾ ತಾಸಿನ ಮಾತು. ನಿನಗ ಅವ್ವ ಅಂತಾಳ, ಅಕಿಗ ಮಮ್ಮಿ ಅಂತಾಳ. ಎರಡೂ ಬ್ಯಾರೆ ಬ್ಯಾರೆ. ನಿಂದೇನ ಹೋಗತೈತಿ?" ಅತ್ತೆ ಕೂಡ ಮೂಲೆಯಿಂದ, "ಸಾಲಿಗೆ ಹೋಗೂದು ಕೂಸೋ, ಅವ್ವನೋ?" ಎಂದು ಕೇಳಿದರು. ನೀವು ತನ್ಮಯಿಯನ್ನು ಕೋಣೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡಿರಿ.

ಈಗ ಉತ್ತರ ನಾನು ಕೊಡುತ್ತೇನೆ. ತನ್ಮಯಿ "ಬಿಸ್ಕೀಟ ತಿನ್ನಿದೆ" ಎನ್ನುತ್ತಾಳೆ, "ಚೆಂಡು ಕೊಡಿದೆ" ಎನ್ನುತ್ತಾಳೆ. ತಿಂದೆ, ಕೊಟ್ಟೆ ಎಂದು ನಾವು ಹೇಳುತ್ತೇವೆ, ಮುದ್ದು ಮಾಡುತ್ತೇವೆ. ಇವಳಿಗೆ ನಿನ್ನೆಯದನ್ನು ನೆಟ್ಟಗೆ ಹೇಳಲು ಬರುವುದಿಲ್ಲ, ಇವಳ ಬದಲು ಪಕ್ಕದ ಮನೆಯ ಮಗುವನ್ನು ಕಳಿಸೋಣ ಎಂದು ನೀವು ಯಾವತ್ತಾದರೂ ಅಂದಿರಾ? ಕಲಿಯುವವರ ಬಾಯಲ್ಲಿ ತಪ್ಪು ಬಂದೇ ಬರುತ್ತದೆ. ಅವಳಿಗೆ ಮೂರೂವರೆ ವರ್ಷಕ್ಕೆ ಸಿಕ್ಕ ಸಲಿಗೆ ನನಗೆ ಇಪ್ಪತ್ತೆಂಟಕ್ಕೂ ಸಿಗಬಾರದೇ?

ಇಷ್ಟಕ್ಕೇ ನಾನು ಮನೆ ಬಿಟ್ಟು ಬರುತ್ತಿರಲಿಲ್ಲ. ಫೋಟೋ ಬಂತಲ್ಲ, ಅದಕ್ಕೆ ಬಂದೆ. ಮಗುವಿನ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಬೇಕು ಎಂದಿರಿ. ನಾನೇ ತಲೆ ಬಾಚಿ, ಎರಡು ಜುಟ್ಟು ಹಾಕಿ, ಗುಲಾಬಿ ಫ್ರಾಕ್ ತೊಡಿಸಿ ಕಳಿಸಿದೆ. ವಿಜಯನಗರದ ಸ್ಟುಡಿಯೋದಿಂದ ಬಂದದ್ದು ಫ್ಯಾಮಿಲಿ ಫೋಟೋ. ನೀವು, ನಡುವೆ ತನ್ಮಯಿ, ಆ ಕಡೆ ಅವಳ ಹೆಗಲ ಮೇಲೆ ಕೈಯಿಟ್ಟ ಚೇತನಾ. ಶಾಲೆಯವರಿಗೆ ಕೊಟ್ಟು ಉಳಿದ ಒಂದು ಪ್ರತಿಯನ್ನು ಟಿವಿಯ ಮೇಲೆ ಇಟ್ಟಿದ್ದಿರಿ. ಚೇತನಾಳನ್ನು ಕೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ನೀವು ಒಪ್ಪಿದೀರಾ ಅಂತ ಭಾವ ಹೇಳಿದ್ರು, ಅದಕ್ಕೇ ಹೋದೆ" ಎಂದಳು. ನನಗೆ ಪಾಸ್‌ಪೋರ್ಟ್ ಸೈಜ್ ಎಂದಿರಿ, ಅವಳಿಗೆ ಅಕ್ಕ ಒಪ್ಪಿದ್ದಾಳೆ ಎಂದಿರಿ. ಇಬ್ಬರ ಕಣ್ಣಿಗೂ ಮಣ್ಣೆರಚಿದಿರಿ.

ಆ ಫೋಟೋ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಇರುತ್ತದೆ ರೀ. ಅರ್ಧ ತಾಸಿನ ಮಾತಲ್ಲ ಇದು. ಪೇರೆಂಟ್ಸ್ ಮೀಟಿಂಗಿಗೆ ಯಾರು ಹೋಗಬೇಕು? ಮಗು ಬಿದ್ದು ಮೊಣಕಾಲು ತರಚಿಕೊಂಡರೆ ಗೇಟಿನಲ್ಲಿ ಯಾರನ್ನು ಒಳಗೆ ಬಿಡುತ್ತಾರೆ? ನಾನು ಹೋಗಿ ನಿಂತರೆ ವಾಚ್‌ಮನ್, ನೀವ್ಯಾರಮ್ಮ ಎಂದು ಕೇಳುತ್ತಾನೆ. ಅವತ್ತು ನಾನು ಏನು ಹೇಳಬೇಕು, ಅಡುಗೆಯವಳು ಎನ್ನಲೇ?

ಅದಕ್ಕೇ ತನ್ಮಯಿಯನ್ನು ಎತ್ತಿಕೊಂಡು ಇಲ್ಲಿ ನಮ್ಮ ಪಾರವ್ವ ಚಿಗವ್ವನ ಮನೆಗೆ ಬಂದೆ. ನಮ್ಮವ್ವನ ತಂಗಿ, ನಿಮಗೂ ಗೊತ್ತಲ್ಲ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ನಾನೂ ಕೈಜೋಡಿಸುತ್ತಿದ್ದೇನೆ. ಮಗು ಆರಾಮಾಗಿದ್ದಾಳೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಕರೆದುಕೊಂಡು ಶಾಲೆಯ ಗೇಟಿಗೆ ಬರುತ್ತೇನೆ. ತಲೆ ಮೇಲೆ ತಲೆ ಬಿದ್ದರೂ ನಾನೇ ಒಳಗೆ ಹೋಗುವವಳು. ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬನ್ನಿ, ಆ ನೀಲಿಯದು ನಿಮಗೆ ಒಪ್ಪುತ್ತದೆ.

ಇಂತಿ,
ತನ್ಮಯಿಯ ಅವ್ವ
ಶೈಲಾ


ಚಂದ್ರಾ ಲೇಔಟ್
೧೬ ಜನವರಿ ೨೦೦೬

ಶೈಲಾಗೆ ಫಕೀರೇಶ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಹರಿದಿಲ್ಲ.

ನನಗೆ ನಿನ್ನಷ್ಟು ಬರೆಯಲು ಬರುವುದಿಲ್ಲ. ಸುಳ್ಳು ಹೇಳಿದ್ದು ಹೌದು. ಯಾರಿಗಾಗಿ ಹೇಳಿದೆ ಎನ್ನುವುದನ್ನು ನೀನು ಬರೆಯಲಿಲ್ಲ. ಮೈಸೂರು ರಸ್ತೆಯ ಈ ಗಾರ್ಮೆಂಟ್ಸಿನಲ್ಲಿ ನಾನು ಸೂಪರ್‌ವೈಸರ್ ಎಂದು ನೀವೆಲ್ಲರೂ ಊರಲ್ಲಿ ಹೇಳಿಕೊಳ್ಳುತ್ತೀರಿ. ಹೊರದೇಶದ ಬಯ್ಯರ್ ಬಂದಾಗ ನಾನು ಎಲ್ಲಿ ನಿಲ್ಲುತ್ತೇನೆ ಗೊತ್ತೇನು? ಬಟ್ಟೆಯ ಥಾನುಗಳ ಹಿಂದೆ. ಲೈನು ನಡೆಸುವವನು ನಾನು, ಉತ್ತರ ಹೇಳುವವನು ನಿನ್ನೆ ಮೊನ್ನೆ ಸೇರಿದ ಹುಡುಗ. ಹೋದ ತಿಂಗಳು ಒಬ್ಬರು ನನ್ನನ್ನೇ ನೇರವಾಗಿ ಕೇಳಿದರು, ಅಂಗಿಯ ಗುಂಡಿ ಹಾಕುವ ಕಾಜಾ ಯಾಕೆ ಬಿಚ್ಚಿದೆ ಎಂದು. ಯಾಕೆ ಬಿಚ್ಚಿತ್ತು ಎಂದು ನನಗೊಬ್ಬನಿಗೇ ಗೊತ್ತಿತ್ತು. ಬಾಯಿ ಬರಲಿಲ್ಲ. ತಲೆ ತಗ್ಗಿಸಿ ನಿಂತೆ. ನನ್ನ ಮಗಳು ಯಾರ ಮುಂದೆಯೂ ಹಾಗೆ ನಿಲ್ಲಬಾರದು. ಅಷ್ಟೇ ನನ್ನ ಆಸೆ.

ಈಗ ವಿಚಾರಕ್ಕೆ ಬಾ. ಫೋಟೋ ಕೊಟ್ಟಾಗಿದೆ. ನೀನು ಒಳಗೆ ಹೋದರೆ ಫೋಟೋದಲ್ಲಿ ಇರುವವಳು ಯಾರು ಎಂದು ಕೇಳುತ್ತಾರೆ. ಸುಳ್ಳು ಬಯಲಾದರೆ ಸೀಟು ಹೋಗುತ್ತದೆ. ಗೇಟಿನ ತನಕ ಕರೆದುಕೊಂಡು ಬಾ, ಅಲ್ಲಿ ಚೇತನಾ ಕೈಗೆ ಕೊಡು. ಹಟ ಮಾಡಿ ನೀನೇ ಹೋಗುವುದಾದರೆ ಹೋಗು, ನಾನು ಬರುವುದಿಲ್ಲ. ಸೀಟು ಕಳೆದವಳು ಅವ್ವನೇ ಎಂದು ನಾಳೆ ಮಗಳಿಗೆ ನೀನೇ ಹೇಳಬೇಕಾಗುತ್ತದೆ.

ಸಂಕ್ರಾಂತಿಗೆ ಅವ್ವ ತನ್ಮಯಿಗೆಂದು ಕುಸುರೆಳ್ಳು ತೆಗೆದಿಟ್ಟಿದ್ದಾಳೆ. ಡಬ್ಬಿ ಯಾರಿಗೂ ಮುಟ್ಟಗೊಡುತ್ತಿಲ್ಲ. ಕೂಸಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಫಕೀರೇಶ


ಬಾಪೂಜಿ ನಗರ
೨೯ ಜನವರಿ ೨೦೦೬, ಭಾನುವಾರ

ಬರುವುದಿಲ್ಲ ಎಂದು ಬರೆದು, ಬರದೇ ಮಾತು ಉಳಿಸಿಕೊಂಡ ತನ್ಮಯಿಯ ಅಪ್ಪಾ ಅವರಿಗೆ, ಶೈಲಾಳ ನಮಸ್ಕಾರ.

ಸೀಟು ಸಿಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನೀವು ಇಡೀ ಕಾಗದ ಅದನ್ನೇ ಹುಡುಕುತ್ತಾ ಓದುವುದು ಬೇಡ. ನಾ ಹೇಳಿರಲಿಲ್ಲವೇ ಎಂದು ತೊಡೆ ತಟ್ಟಿಕೊಳ್ಳುವುದಿದ್ದರೆ ಈಗಲೇ ತಟ್ಟಿಕೊಂಡು ಮುಂದೆ ಓದಿ.

ಶುಕ್ರವಾರ ಸಂಜೆ ಚೇತನಾ ಫೋನ್ ಮಾಡಿದಳು. "ಅಕ್ಕಾ, ಭಾವ ಎಷ್ಟ್ ಹೇಳಿದ್ರೂ ನಾನ್ ಹೋಗಲ್ಲ. ನೀವೇ ಹೋಗಿ. ಹೆದರ್ಕೋಬೇಡಿ" ಎಂದಳು. ನಿಮ್ಮ ಮನೆಯಲ್ಲಿ ಒಬ್ಬಳಾದರೂ ನಿಮಗೆ ಎದುರು ಆಡಿದಳಲ್ಲ ಎಂದು ಹೊಟ್ಟೆ ತಣ್ಣಗಾಯಿತು. ಅವಳನ್ನು ಅದಕ್ಕಾಗಿ ಬೈಯಬೇಡಿ, ಬೈದರೆ ನನಗೆ ಗೊತ್ತಾಗುತ್ತದೆ.

ಶಾಲೆಯ ವರಾಂಡದಲ್ಲಿ ಜಾತ್ರೆಯಷ್ಟು ಜನ. ಟೈ ಕಟ್ಟಿದ ಗಂಡಸರು ತಮ್ಮ ಹೆಂಡಿರಿಗೆ ಪ್ರಶ್ನೆ ಕೇಳಿ ಕೇಳಿ ಉತ್ತರ ಹೇಳಿಸುತ್ತಿದ್ದರು. ನನ್ನ ಪಕ್ಕದ ಹೆಂಗಸು ಕಣ್ಣು ಮುಚ್ಚಿಕೊಂಡು ಏನೋ ಗೊಣಗುತ್ತಿದ್ದಳು, ಸ್ತೋತ್ರ ಅಂದುಕೊಂಡೆ, ನೋಡಿದರೆ ಗಂಡ ಏನು ಕೆಲಸ ಮಾಡುತ್ತಾನೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಅವಳೂ ನಾನೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಿಮ್ಮ ಮಿಸ್ಟರ್ ಎಲ್ಲಿ ಎಂದು ಕೇಳಿದಳು. ಗೇಟಿನ ಕಡೆ ನೋಡಿದೆ. ಹೆಸರು ಕೂಗುವವರೆಗೂ ನೋಡುತ್ತಲೇ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ. ನೀಲಿ ಅಂಗಿಯವರು ಯಾರು ಬಂದರೂ ಎದ್ದು ನಿಲ್ಲುತ್ತಿದ್ದೆ.

ಒಳಗೆ ಪ್ರಿನ್ಸಿಪಾಲ್ ಮೇಡಂ ಒಬ್ಬರೇ ಇದ್ದರು, ವಯಸ್ಸಾದವರು, ಮುಖದಲ್ಲಿ ಗತ್ತು. ಮೂರು ಕುರ್ಚಿ ಹಾಕಿದ್ದರು. ನಾನು ತಾಯಿಯದರಲ್ಲಿ ಕೂತೆ, ತನ್ಮಯಿ ನಡುವಿನದರಲ್ಲಿ, ನಿಮ್ಮದು ಖಾಲಿ. "ವೇರ್ ಈಸ್ ದ ಫಾದರ್?" ಎಂದರು. "ಹೀ ಡಿಡ್ ನಾಟ್ ಕಮ್" ಎಂದೆ. ನೋಡಿ, ಕೇಮ್ ಅನ್ನಲಿಲ್ಲ. ಆಮೇಲೆ ಫೋಟೋ ತೆಗೆದು ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಅವರು ಬಾಯಿ ತೆಗೆಯುವ ಮೊದಲೇ ನಾನು ಶುರು ಮಾಡಿದೆ. "ಐ ಆಮ್ ದ ಮದರ್. ದಿಸ್ ಈಸ್ ಮೈ ಬ್ರದರ್ ಇನ್ ಲಾ ವೈಫ್. ಮೈ ಹಸ್ಬೆಂಡ್ ಟುಕ್ ದಿಸ್ ಫೋಟೋ. ಹೀ ಡಿಡ್ ನಾಟ್ ಟೆಲ್ ಮೀ. ಐ ಸಾ. ಐ ಫೀಲ್ಡ್ ವೆರಿ ಬ್ಯಾಡ್. ಐ ಲೆಫ್ಟ್ ದ ಹೌಸ್. ಟುಡೇ ಐ ಕೇಮ್." ಫೀಲ್ಡ್ ತಪ್ಪು, ಫೆಲ್ಟ್ ಅನ್ನಬೇಕಿತ್ತು. ಬಾಯಿಂದ ಬಿದ್ದ ಕೂಡಲೇ ಗೊತ್ತಾಯಿತು. ಎತ್ತಿಕೊಳ್ಳಲು ಹೋಗಲಿಲ್ಲ, ಮುಂದಕ್ಕೆ ನಡೆದೆ.

ಮೇಡಂ ನಗಲಿಲ್ಲ ರೀ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು. ಇಂಗ್ಲಿಷ್ ಎಲ್ಲಿ ಕಲಿತೆ, ಎಷ್ಟು ಓದಿದ್ದೀಯ, ಬೆಂಗಳೂರಿಗೆ ಯಾವಾಗ ಬಂದೆ ಎಂದೆಲ್ಲ ಕೇಳಿದರು. ಎಲ್ಲವೂ ಆಗಿಹೋದ ಸಂಗತಿಗಳೇ, ನನಗೆ ಬರುವ ಪಾಠವೇ. ತಡವರಿಸಿದೆ, ಆದರೆ ಒಂದಕ್ಕೂ ಸುಮ್ಮನಿರಲಿಲ್ಲ. ಆರು ವರ್ಷದಿಂದ ಈ ಊರಿನಲ್ಲಿ ಇದ್ದೇನೆ, ನನ್ನ ಬಗ್ಗೆ ಒಬ್ಬರು ಇಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಅವತ್ತು ಅಲ್ಲಿ ನನಗೆ ಹೆದರಿಕೆ ಆಗಲಿಲ್ಲ, ಖುಷಿಯಾಯಿತು. ನಂಬುವುದಾದರೆ ನಂಬಿ.

ಕೊನೆಗೆ ಮೇಡಂ ಫೈಲು ಮುಚ್ಚಿ ಸಾರಿ ಎಂದರು. ಯಾಕೆ ಎಂದು ಇಲ್ಲಿ ಬರೆಯುವುದಿಲ್ಲ.

ತನ್ಮಯಿಯನ್ನು ಇಲ್ಲೇ ಬಾಪೂಜಿ ನಗರದ ಒಂದು ಸಣ್ಣ ಶಾಲೆಗೆ ಜೂನ್‌ನಿಂದ ಸೇರಿಸುತ್ತಿದ್ದೇನೆ. ತಗಡಿನ ಶೀಟು, ಮುಂದೆ ಒಂದು ಹೊಂಗೆ ಮರ. ಅಲ್ಲಿನ ಹೆಡ್‌ಮಿಸ್ ನನಗೆ ಕೇಳಿದ್ದು ಮಗುವಿಗೆ ಒಗ್ಗದ ತಿಂಡಿ ಏನಾದರೂ ಇದೆಯಾ ಎಂದು ಮಾತ್ರ. ನೀವು ದೊಡ್ಡ ಶಾಲೆಯ ಆಸೆ ಬಿಡದಿದ್ದರೆ ಬರುವ ವರ್ಷ ಬೇರೆ ಶಾಲೆ ನೋಡೋಣ, ನನಗೇನೂ ಅದರ ಮೇಲೆ ಹಗೆಯಿಲ್ಲ. ಆಗಲೂ ನಾನೇ ಬಂದು ಕೂರುತ್ತೇನೆ.

ನೀವು ಥಾನುಗಳ ಹಿಂದೆ ನಿಲ್ಲುವ ಸಂಗತಿ ಓದಿದೆ. ಇಷ್ಟು ದಿನ ಅದನ್ನು ಒಬ್ಬರೇ ನುಂಗಿಕೊಂಡಿರಿ, ನನಗೆ ಹೇಳಲೇ ಇಲ್ಲ. ಕಾಗದವನ್ನು ಎರಡು ಸಲ ಓದಿ ಪಾರವ್ವ ಚಿಗವ್ವನಿಗೆ ಕಾಣದ ಹಾಗೆ ಅತ್ತೆ. ಆದರೆ ಅತ್ತ ಮೇಲೆ ಸಿಟ್ಟೂ ಬಂತು. ನಿಮ್ಮ ತಲೆ ತಗ್ಗಿಸಿದವರು ಆ ಬಯ್ಯರ್‌ಗಳು. ನೀವು ಮನೆಗೆ ಬಂದು ತಗ್ಗಿಸಿದ್ದು ನನ್ನ ತಲೆಯನ್ನು. ಅಲ್ಲಿ ಬಾಯಿ ಬಾರದೆ ನಿಂತಾಗ ನಿಮಗೆ ಆದ ಸಂಕಟ ಇಲ್ಲಿ ಒಲೆಯ ಮುಂದೆ ನಿಂತ ನನಗೂ ಆಗಿರಬಹುದು ಎಂದು ಒಂದು ಕ್ಷಣವೂ ಹೊಳೆಯಲಿಲ್ಲವೇ? ಮಗಳು ತಲೆಯೆತ್ತಿ ನಿಲ್ಲಬೇಕು ಎನ್ನುತ್ತೀರಿ. ಅವ್ವನನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು ಬೆಳೆಸಿದ ಮಗಳು ಯಾವ ಇಂಗ್ಲಿಷಿನಲ್ಲಿ ತಲೆಯೆತ್ತುತ್ತಾಳೆ?

ನಾನು ಸದ್ಯ ಚಂದ್ರಾ ಲೇಔಟಿಗೆ ಬರುವುದಿಲ್ಲ. ಪಾಠ ಬಿಟ್ಟಿಲ್ಲ, ಇಲ್ಲಿಂದಲೇ ಬಸ್ಸಿನಲ್ಲಿ ಅಲಮೇಲು ಮಿಸ್ ಮನೆಗೆ ಹೋಗಿ ಬರುತ್ತೇನೆ. ದಾರಿಯಲ್ಲಿ ನಿಮ್ಮ ಬೀದಿ ಸಿಗುತ್ತದೆ, ತಿರುಗಿ ನೋಡುತ್ತೇನೆ, ಇಳಿಯುವುದಿಲ್ಲ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕುಸುರೆಳ್ಳು ಮೆತ್ತಗಾಗುವುದರೊಳಗೆ ಯಾರ ಕೈಯಲ್ಲಾದರೂ ಕಳಿಸಲಿ.

ಇಂತಿ,
ಸೀಟು ಕಳೆದುಕೊಂಡರೂ ಕುರ್ಚಿ ಬಿಡದ
ಶೈಲಾ

ತಾ.ಕ.: ಬರೆಯುವುದಿಲ್ಲ ಎಂದದ್ದನ್ನು ಬರೆಯದೆ ಕವರು ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಸೀಟು ಹೋದದ್ದು ನನ್ನ ಇಂಗ್ಲಿಷಿನಿಂದಲ್ಲ, ಫೋಟೋದಿಂದಲೂ ಅಲ್ಲ. ಮೇಡಂ ನನ್ನನ್ನು ನಂಬಿದ್ದರು, ಬೇರೆ ಫೋಟೋ ತಂದುಕೊಡಿ ಸಾಕು ಎಂದೂ ಅಂದಿದ್ದರು. ಆಮೇಲೆ ತನ್ಮಯಿಯನ್ನು ಹತ್ತಿರ ಕರೆದು, ಕೆನ್ನೆ ಸವರಿ, ಕನ್ನಡದಲ್ಲೇ ಕೇಳಿದರು. ಫೋಟೋ ತೋರಿಸಿ ಇದ್ಯಾರು ಪುಟ್ಟಿ ಎಂದರು. "ಮಮ್ಮಿ" ಎಂದಳು. ನನ್ನ ಕಡೆ ಕೈ ತೋರಿಸಿ, ಇವರು ಯಾರು ಎಂದರು. ಕೈಕಟ್ಟಿ ನೆಟ್ಟಗೆ ನಿಂತು "ಕಾಕು" ಎಂದಳು. ಬಾಗಿಲು ಮುಂದೆ ಮಾಡಿಕೊಂಡು ನೀವು ಕಲಿಸಿದ್ದರಲ್ಲಿ ಅರ್ಧವೇ ನನ್ನ ಕಿವಿಗೆ ಬಿದ್ದಿತ್ತು ಎಂದು ಆಗ ಗೊತ್ತಾಯಿತು. ಮೇಡಂ ಇನ್ನೊಮ್ಮೆ ಕೇಳಿದರು, ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ನಿಮ್ಮ ಮನೆಯ ವ್ಯವಹಾರದಲ್ಲಿ ಶಾಲೆ ಸಿಕ್ಕಿಹಾಕಿಕೊಳ್ಳುವುದು ಬೇಡಮ್ಮ ಎಂದು ಮೇಡಂ ಫೈಲು ಮುಚ್ಚಿದರು. ಹೊರಗೆ ಬಂದು ತನ್ಮಯಿ ನನ್ನ ಸೆರಗು ಜಗ್ಗಿ, ಬರೋಬ್ಬರಿ ಹೇಳಿದೆ ಅಲ್ಲ, ಚಾಕಲೇಟ್ ಕೊಡಿಸು ಎಂದಳು. ಕೊಡಿಸಿದೆ. ಮನೆಯೊಳಗೆ ನನಗೆ ಅವ್ವ ಎಂದೇ ಕರೆಯುತ್ತಾಳೆ, ಹೊರಗಿನವರು ಯಾರಾದರೂ ಕೇಳಿದರೆ ಇನ್ನೂ ಕಾಕು ಎನ್ನುತ್ತಾಳೆ. ನಾನು ತಿದ್ದಿಲ್ಲ, ತಿದ್ದುವುದೂ ಇಲ್ಲ. ಕಲಿಸಿದವರು ನೀವು. ನೀವೇ ಬಂದು, ಅವಳ ಮುಂದೆ ಕೂತು, ನಾನು ನಿನಗೆ ಸುಳ್ಳು ಕಲಿಸಿದೆ ಮಗಳೇ ಎಂದು ಬಾಯಿ ಬಿಟ್ಟು ಹೇಳಬೇಕು. ಅದಕ್ಕೆ ಇಂಗ್ಲಿಷ್ ಬೇಕಾಗಿಲ್ಲ.